ಅವ್ವನಿಗೆ 17ನೇ ನಂಬರ್ ಬರ್ತ್

ಬರುವ ಶುಕ್ರವಾರ, ನವೆಂಬರ್ 14ಕ್ಕೆ, ನಾವು ನಾಲ್ಕು ಜನ ಹಂಪಿಗೆ ಹೊರಡುತ್ತೇವೆ. ಅವ್ವ, ನಾನು, ಇವರು, ಮಗಳು. ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್, ಸ್ಲೀಪರ್ ಬೋಗಿ. ಶನಿವಾರ, ಭಾನುವಾರ ಎರಡು ಹಗಲು ಅಲ್ಲಿ. ಭಾನುವಾರ ರಾತ್ರಿ ಅದೇ ರೈಲಿನಲ್ಲಿ ವಾಪಸ್. ಸೋಮವಾರ ಮಧ್ಯಾಹ್ನದ ಊಟ ಕೊಡಗಿನ ಗೋಣಿಕೊಪ್ಪದ ಮನೆಯಲ್ಲೇ.

ಇಷ್ಟು ಚಿಕ್ಕ ರಜೆಗೆ ನಾನು ಸೆಪ್ಟೆಂಬರ್‌ನಿಂದ ತಯಾರಿ ಮಾಡುತ್ತಿದ್ದೇನೆ. ಕಾರಣ ಅವ್ವ. ಅವಳಿಗೆ ಈಗ 70. ಇಲ್ಲಿವರೆಗೆ ಒಂದೇ ಒಂದು ರಾತ್ರಿಯೂ ರೈಲಿನಲ್ಲಿ ಮಲಗಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ಒಮ್ಮೆ ಹಗಲು ಹೊತ್ತಿನಲ್ಲಿ ಕೂತು ಹೋಗಿದ್ದಳು, ಅಷ್ಟೇ. ರಾತ್ರಿ ಬಸ್ಸುಗಳಲ್ಲಿ ಬೇಕಾದಷ್ಟು ಓಡಾಡಿದ್ದಾಳೆ. ಪ್ರತಿ ಸಲ ಇಳಿದ ಮೇಲೆ ಕುತ್ತಿಗೆ ಹಿಡಿದುಕೊಂಡು ಅದೇ ಮಾತು: "ರೈಲಲ್ಲಾದರೆ ಕಾಲು ಚಾಚಿ ಮಲಗಬಹುದಂತೆ, ಅಲ್ವಾ?"

ಒಂದು ಸಲ ಆ ಆಸೆ ಕೈಗೆ ಸಿಕ್ಕೇಬಿಡುವ ಹಾಗಿತ್ತು. ಆರು ವರ್ಷದ ಹಿಂದೆ, ಜೂನ್ ತಿಂಗಳು. ಹುಬ್ಬಳ್ಳಿಯಲ್ಲಿ ನೆಂಟರ ಮನೆ ಗೃಹಪ್ರವೇಶ. ಮೈಸೂರಿನಿಂದ ರಾತ್ರಿ ರೈಲಿಗೆ ಟಿಕೆಟ್ ಮಾಡಿಸಿದ್ದೆವು. ಸಂಜೆ ಬಸ್ಸು ಹತ್ತಿದೆವು. ತಿತಿಮತಿ ದಾಟಿ ಆನೆಚೌಕೂರು ಕಾಡಿನ ನಡುವೆ ರಸ್ತೆಗೆ ದೊಡ್ಡ ಮರ ಬಿದ್ದಿತ್ತು. ಜಡಿ ಮಳೆ. ಎರಡು ಗಂಟೆ ಹೊತ್ತು ಬಸ್ಸು ನಿಂತಲ್ಲೇ ನಿಂತಿತು. ಮರ ಕಡಿದು ದಾರಿ ಬಿಡಿಸುವಾಗ ಅವ್ವ ಕಿಟಕಿಯಿಂದ ಆಚೆ ನೋಡುತ್ತಾ ಒಂದು ಮಾತೂ ಆಡಲಿಲ್ಲ. ಮಡಿಲಲ್ಲಿ ಹೊದಿಕೆ ಇತ್ತು. ಬರ್ತಿನ ಮೇಲೆ ಹಾಸೋಕೆ ಅಂತ ಒಗೆದು ಮಡಚಿಟ್ಟಿದ್ದಳು. ನಾವು ಮೈಸೂರು ಸ್ಟೇಷನ್ ಮುಟ್ಟುವಾಗ ರೈಲು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಆ ರಾತ್ರಿ ವೇಟಿಂಗ್ ರೂಮಿನ ಕುರ್ಚಿಯಲ್ಲಿ ಕೂತೇ ಕಳೆದೆವು. ಬೆಳಗ್ಗೆ ಮೊದಲ ಬಸ್ಸಿಗೆ ಊರಿಗೆ ವಾಪಸ್. "ರೈಲಲ್ಲಿ ಮಲಗೋ ಯೋಗ ನನಗಿಲ್ಲ ಬಿಡು ಮಗಳೇ" ಅಂದಳು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ.

ಹಾಗಾಗಿ ಈ ಸಲ ಏನೇ ಗೊತ್ತು ಮಾಡುವಾಗಲೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದರಿಂದ ಅವ್ವ ರೈಲಿನಲ್ಲಿ ನೆಮ್ಮದಿಯಾಗಿ ಮಲಗುತ್ತಾಳಾ?

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಹಳಿ ಹಾಕುವ ಮಾತು ಬಹಳ ಕಾಲದಿಂದ ಕೇಳುತ್ತಿದ್ದೇವೆ. ಬೇಕು ಅನ್ನುವವರೂ ಇದ್ದಾರೆ, ಕಾಡಿಗೆ ಪೆಟ್ಟು ಬೀಳುತ್ತೆ ಅನ್ನುವವರೂ ಇದ್ದಾರೆ. ಅದೇನೇ ಇರಲಿ, ಇವತ್ತಿಗೆ ನಮ್ಮ ರೈಲು ಪ್ರಯಾಣ ಶುರುವಾಗುವುದು ಬಸ್ ಸ್ಟ್ಯಾಂಡಿನಿಂದ. ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ತಲಶ್ಶೇರಿ, ಕಣ್ಣೂರಿಗೆ ಹೋಗಿ ಹತ್ತುತ್ತಾರೆ. ಮಡಿಕೇರಿಯವರಿಗೆ ಮಂಗಳೂರು ಇದೆ. ಶನಿವಾರಸಂತೆ ಕಡೆಯವರಿಗೆ ಹಾಸನ. ನಮಗೆ ಗೋಣಿಕೊಪ್ಪದಿಂದ ಮೈಸೂರೇ ಸರಿ. ಹುಣಸೂರು ದಾರಿಯಲ್ಲಿ ಎರಡೂವರೆ, ಮೂರು ಗಂಟೆ.

ಮೈಸೂರಿನಿಂದ ರಾತ್ರಿ ಮಲಗಿ ಬೆಳಗ್ಗೆ ಏಳುವ ಹಾಗಿರುವ ರೈಲುಗಳು ಎಷ್ಟೊಂದಿವೆ! ಕಾವೇರಿ ಎಕ್ಸ್‌ಪ್ರೆಸ್ ಚೆನ್ನೈಗೆ ಹೋಗುತ್ತೆ. ತಾಳಗುಪ್ಪ ರೈಲು ಹಿಡಿದರೆ ಬೆಳಗ್ಗೆ ಜೋಗದ ಹತ್ತಿರ ಇಳಿಯಬಹುದು. ತೂತ್ತುಕುಡಿ ರೈಲಿನಲ್ಲಿ ಮಧುರೆ ಸಿಗುತ್ತೆ. ಮಗಳು ಜೋಗ ಜೋಗ ಅಂತ ಹಠ ಹಿಡಿದಳು. ನನಗೂ ಆಸೆಯೇ. ಆದರೆ ಮಳೆ ನಿಂತ ಮೇಲೆ ಜೋಗದಲ್ಲಿ ನೀರು ಕಡಿಮೆ. ಮಳೆಗಾಲದಲ್ಲಿ ಹೋಗೋಣ ಅಂದರೆ ನಮ್ಮ ಕಾಡಿನ ರಸ್ತೆಯನ್ನು ನಂಬುವ ಹಾಗಿಲ್ಲ. ಆ ಪಾಠ ಆಗಿದೆಯಲ್ಲ.

ಕೊನೆಗೆ ಊರು ಆರಿಸಿದ್ದು ಅವ್ವನೇ, ಅದೂ ಒಂದು ನೋಟು ನೋಡಿ. ಅವಳ ಎಲೆ ಅಡಿಕೆ ಚೀಲದಲ್ಲಿ ಯಾವಾಗಲೂ ನಾಲ್ಕೈದು 50 ರೂಪಾಯಿ ನೋಟು ಇರುತ್ತವೆ. 2017ರಲ್ಲಿ ಬಂದ ನೀಲಿ ನೋಟು. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ. ಒಂದು ದಿನ ನೋಟನ್ನು ಬೆಳಕಿಗೆ ಹಿಡಿದು ಕೇಳಿದಳು, "ಈ ತೇರಿನ ಗಾಲಿ ತಿರುಗುತ್ತಾ?" ನನಗೆ ಉತ್ತರ ಗೊತ್ತಿತ್ತು. ಆದರೂ "ನೋಡೇ ಬಿಡೋಣ ಅವ್ವ" ಅಂದೆ. ಹಂಪಿ ಅಂತ ಆಯಿತು.

ಇನ್ನು ದಿನ. ನಮ್ಮ ಮನೆಯಲ್ಲಿ ರಜೆಯ ದಿನ ಗೊತ್ತು ಮಾಡುವುದು ತೋಟ. ಎರಡು ಎಕರೆ ರೊಬಸ್ಟಾ ಕಾಫಿ ಇದೆ. ಜನವರಿ ಬಂತೆಂದರೆ ಕೊಯ್ಲು. ಅದಕ್ಕಿಂತ ಮುಂಚೆ ಡಿಸೆಂಬರ್‌ನಲ್ಲಿ ನಮ್ಮ ಸುಗ್ಗಿ ಹಬ್ಬ ಹುತ್ತರಿ. ಕೊಯ್ಲು, ಒಣಗಿಸೋದು ಎಲ್ಲ ಮುಗಿದ ಮೇಲೆ ಮದುವೆಗಳು ಶುರು. ಆಗ ನನ್ನ ಹೊಲಿಗೆ ಅಂಗಡಿಯಲ್ಲಿ ಉಸಿರಾಡೋಕೂ ಬಿಡುವಿರುವುದಿಲ್ಲ, ರವಿಕೆಗಳ ರಾಶಿ. ದೀಪಾವಳಿ ಮುಗಿದು ಹುತ್ತರಿಗೆ ಮುಂಚೆ ಇರುವ ಈ ಕೆಲವು ವಾರಗಳೇ ನಮಗೆ ಸಿಗುವ ಬಿಡುವು. ಮಳೆ ಹೋಗಿರುತ್ತೆ, ಹಂಪಿಯಲ್ಲಿ ಬಿಸಿಲೂ ಸ್ವಲ್ಪ ಮೆತ್ತಗಿರುತ್ತೆ.

ಟಿಕೆಟ್ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ಕಡೆ ತುಂಬ ಜನಕ್ಕೆ ಇದು ರೂಢಿಯಿಲ್ಲ. ನನಗೂ ಇರಲಿಲ್ಲ.

ಮೊದಲೆಲ್ಲ 120 ದಿನ ಮುಂಚೆ ಬುಕಿಂಗ್ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನ ಆಗಿದೆ. ಹೊರಡುವ ದಿನ ಬಿಟ್ಟು 60. ನವೆಂಬರ್ 14ರಿಂದ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 15. ವಾಪಸ್ ಬರುವ 16ನೇ ತಾರೀಕಿನ ಟಿಕೆಟ್‌ಗೆ ಸೆಪ್ಟೆಂಬರ್ 17. ಗೋಡೆಯ ಕ್ಯಾಲೆಂಡರಿನಲ್ಲಿ ಎರಡಕ್ಕೂ ಕೆಂಪು ಸುತ್ತು ಹಾಕಿದೆ. ಬುಕಿಂಗ್ ಬೆಳಗ್ಗೆ 8ಕ್ಕೆ ತೆರೆಯುತ್ತೆ. ಏಳೂಮುಕ್ಕಾಲಿಗೇ ಫೋನ್ ಹಿಡಿದು ಕೂತೆ. ಅದೇ ಹೊತ್ತಿಗೆ ಕರೆಂಟು ಹೋಯಿತು, ಮನೆಯೊಳಗೆ ನೆಟ್‌ವರ್ಕೂ ಹೋಯಿತು. ತೋಟದ ಗೇಟಿನ ಹತ್ತಿರ ಎರಡು ಕಡ್ಡಿ ಸಿಗ್ನಲ್ ಬರುತ್ತೆ ಅಂತ ಓಡಿದೆ. ಸಿಲ್ವರ್ ಮರದ ಬುಡದಲ್ಲಿ ನಿಂತು, ಸೀರೆ ಸೆರಗಿನಿಂದ ಫೋನಿಗೆ ಮಂಜಿನ ಹನಿ ಬೀಳದ ಹಾಗೆ ಮರೆ ಮಾಡಿಕೊಂಡು ಬುಕ್ ಮಾಡಿದೆ.

ಅಷ್ಟು ಮುಂಚೆ ಮಾಡಿದ್ದಕ್ಕೆ ಕಾರಣ ಕೆಳಗಿನ ಬರ್ತ್. ಅವ್ವನಿಗೆ ಮಂಡಿ ನೋವು. ನಡುವಿನ ಬರ್ತಿಗೂ ಹತ್ತಲಾರಳು, ಮೇಲಿನದು ದೂರದ ಮಾತು. ನಾಲ್ಕು ಜನರನ್ನೂ ಒಂದೇ ಟಿಕೆಟ್‌ನಲ್ಲಿ ಹಾಕಿದರೆ ಯಾವ ಬರ್ತ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ನನ್ನ ಅಂಗಡಿಗೆ ಬಟ್ಟೆ ಹೊಲಿಸೋಕೆ ಬರುವ ಒಬ್ಬ ಟೀಚರ್ ಇದಕ್ಕೆ ದಾರಿ ಹೇಳಿಕೊಟ್ಟರು. ಬುಕ್ ಮಾಡುವಾಗ ಕೋಟಾ ಅಂತ ಒಂದು ಜಾಗ ಇರುತ್ತೆ. ಅಲ್ಲಿ ಲೋವರ್ ಬರ್ತ್, ಸೀನಿಯರ್ ಸಿಟಿಜನ್ ಅಂತ ಆರಿಸಬೇಕು. ಒಂದು ಸ್ಲೀಪರ್ ಬೋಗಿಯಲ್ಲಿ ಆರೇಳು ಕೆಳಗಿನ ಬರ್ತ್ ಇದಕ್ಕೇ ಅಂತ ಇಟ್ಟಿರುತ್ತಾರೆ. ಗಂಡಸರಿಗೆ 60 ತುಂಬಿರಬೇಕು. ಹೆಂಗಸರಿಗೆ 45 ತುಂಬಿದ್ದರೆ ಸಾಕು. ಆದರೆ ಒಂದು ಟಿಕೆಟ್‌ನಲ್ಲಿ ಒಬ್ಬರೋ ಇಬ್ಬರೋ ಮಾತ್ರ ಇರಬೇಕು, ಇಬ್ಬರಿಗೂ ಆ ವಯಸ್ಸು ಆಗಿರಬೇಕು. ಜೊತೆಗೆ ಚಿಕ್ಕವರನ್ನು ಸೇರಿಸಿದರೆ ಕೋಟಾ ಸಿಗುವುದಿಲ್ಲ.

ನನಗೆ 46. ಅಂದರೆ ಅವ್ವ, ನಾನು ಒಂದು ಟಿಕೆಟ್. ಇವರು, ಮಗಳು ಇನ್ನೊಂದು ಟಿಕೆಟ್. ಇದು ಹೊಳೆದಾಗ ನನಗಾದ ಖುಷಿ ಹೇಳತೀರದು. ಇದರಿಂದ ದುಡ್ಡೇನೂ ಕಡಿಮೆಯಾಗುವುದಿಲ್ಲ. ಹಿರಿಯರಿಗೆ ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲೇ ನಿಲ್ಲಿಸಿದ್ದಾರೆ. ಅದು ಮತ್ತೆ ಬರಬೇಕು ಅಂತ ನನ್ನ ಆಸೆ. ಅವ್ವನಂಥ ಎಷ್ಟು ಜನ ಹಿರಿಯರು ಅದನ್ನು ನಂಬಿಕೊಂಡು ವರ್ಷಕ್ಕೊಂದು ಸಲ ಮನೆಯಿಂದ ಹೊರಗೆ ಹೋಗುತ್ತಿದ್ದರು.

ಎರಡೂ ಟಿಕೆಟ್ ಎಸ್3 ಬೋಗಿಯಲ್ಲೇ ಬಂದವು. ನಮ್ಮಿಬ್ಬರಿಗೆ 17 ಮತ್ತು 20. ಅವರಿಬ್ಬರಿಗೆ 30 ಮತ್ತು 31. ಫೋನಿಗೆ ಮೆಸೇಜ್ ಬಂದಾಗ ನಂಬರ್ ನೋಡಿದರೆ ಏನೂ ಅರ್ಥ ಆಗಲಿಲ್ಲ. ಮತ್ತೆ ಅದೇ ಟೀಚರಿಗೆ ಫೋನ್ ಮಾಡಿದೆ. "ಎಂಟರಿಂದ ಭಾಗಿಸಿ, ಉಳಿದದ್ದು ನೋಡಿ" ಅಂದರು.

ಅವತ್ತು ರಾತ್ರಿ ಊಟದ ಮೇಜಿನ ಮೇಲೆ ಮಗಳು ಒಂದು ಹಿಡಿ ಕಾಫಿ ಬೀಜ ಹರಡಿ ಅವ್ವನಿಗೆ ರೈಲು ಕಟ್ಟಿ ತೋರಿಸಿದಳು. ಎಂಟೆಂಟು ಬೀಜದ ಒಂದೊಂದು ಗುಂಪು. ಈ ಕಡೆ ಮೂರು, ಎದುರಿಗೆ ಮೂರು, ನಡುವೆ ಓಡಾಡುವ ದಾರಿ, ಆಚೆ ಕಿಟಕಿ ಪಕ್ಕ ಎರಡು. ಒಂದು ಮತ್ತು ನಾಲ್ಕು ಕೆಳಗೆ. ಎರಡು ಮತ್ತು ಐದು ನಡುವೆ. ಮೂರು ಮತ್ತು ಆರು ಮೇಲೆ. ಏಳು ಸೈಡಿನಲ್ಲಿ ಕೆಳಗೆ, ಎಂಟು ಸೈಡಿನಲ್ಲಿ ಮೇಲೆ. ಮುಂದಿನ ಗುಂಪಿನಲ್ಲಿ ಮತ್ತೆ ಇದೇ ಕ್ರಮ. ಎರಡು ಗುಂಪು ಮುಗಿದರೆ 16. ಆಮೇಲಿನ ಒಂದನೆಯದು 17, ನಾಲ್ಕನೆಯದು 20. ಎರಡೂ ಕೆಳಗೆ, ಎದುರು ಬದುರು. ನಾನು ಮಲಗಿದಲ್ಲಿಂದ ಕೈ ಚಾಚಿದರೆ ಅವ್ವನ ಕೈ ಸಿಗುತ್ತೆ.

ಅವ್ವ 17ನೇ ಬೀಜವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಮತ್ತೆ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಇಟ್ಟಳು. ನಾಲ್ಕು ದಿನ ಆ ಬೀಜಗಳನ್ನು ಮೇಜಿನಿಂದ ತೆಗೆಯೋಕೆ ಬಿಡಲಿಲ್ಲ.

ಮಗಳಿಗೆ 30, ಮೇಲಿನ ಬರ್ತ್. ಅವಳಿಗೆ ಬೇಕಾಗಿದ್ದೂ ಅದೇ. ಇವರಿಗೆ 31, ಸೈಡಿನಲ್ಲಿ ಕೆಳಗಿನದು. ಸೈಡ್ ಬರ್ತ್ ಉದ್ದ ಸ್ವಲ್ಪ ಕಡಿಮೆ, ಇವರು ಆರಡಿ ಆಳು. ರಾತ್ರಿಯೆಲ್ಲ ಮಂಡಿ ಮಡಚಿಕೊಂಡೇ ಮಲಗಬೇಕು. "ನನಗೇನೂ ತೊಂದರೆ ಇಲ್ಲ, ಅವ್ವನಿಗೆ ಸಿಕ್ಕಿತಲ್ಲ" ಅಂದರು. ನಮ್ಮ ಮೂರನೇ ಗುಂಪು ಬಾಗಿಲಿನಿಂದಲೂ ಶೌಚಾಲಯದಿಂದಲೂ ಸ್ವಲ್ಪ ಒಳಗಿದೆ. ಬಾಗಿಲು ಬಡಿಯುವ ಸದ್ದು, ವಾಸನೆ ಕಡಿಮೆ ಇರುತ್ತೆ, ರಾತ್ರಿ ಎದ್ದು ಹೋಗೋಕೆ ತೀರಾ ದೂರವೂ ಅಲ್ಲ.

ಯಾರಾದರೂ ಈಗ ಬುಕ್ ಮಾಡುವವರಿದ್ದರೆ ಇನ್ನೆರಡು ಮಾತು. 2025ರ ಅಕ್ಟೋಬರ್‌ನಿಂದ ಬುಕಿಂಗ್ ತೆರೆದ ಮೊದಲ ಹೊತ್ತಿನಲ್ಲಿ ಆಧಾರ್ ಜೋಡಿಸಿದ ಖಾತೆಯಿಂದ ಮಾತ್ರ ಆನ್‌ಲೈನಿನಲ್ಲಿ ಟಿಕೆಟ್ ಸಿಗುತ್ತೆ. ಆ ಕೆಲಸ ಮುಂಚೆಯೇ ಮಾಡಿಟ್ಟುಕೊಳ್ಳಿ. ಕೊನೇ ಗಳಿಗೆಯ ತತ್ಕಾಲ್ ಟಿಕೆಟ್ ನಂಬಿಕೊಂಡು ಹಿರಿಯರನ್ನು ಹೊರಡಿಸಬೇಡಿ. ಸ್ಲೀಪರ್‌ಗೆ ಅದು ಹಿಂದಿನ ದಿನ 11 ಗಂಟೆಗೆ ತೆರೆಯುತ್ತೆ, ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ವೇಟಿಂಗ್ ಲಿಸ್ಟ್ ಟಿಕೆಟ್ ಇಟ್ಟುಕೊಂಡು ಸ್ಲೀಪರ್ ಬೋಗಿ ಹತ್ತುವ ಹಾಗಿಲ್ಲ. ಆರ್‌ಎಸಿ ಬಂದರೆ ಸೈಡಿನ ಕೆಳಗಿನ ಬರ್ತಿನಲ್ಲಿ ಇಬ್ಬರು ಕೂತು ಹೋಗಬೇಕು. 2025ರಲ್ಲಿ ಒಂದು ಒಳ್ಳೆಯದಾಯಿತು. ಮೊದಲು ರೈಲು ಹೊರಡುವ 4 ಗಂಟೆ ಮುಂಚೆ ಯಾರಿಗೆ ಯಾವ ಬರ್ತ್ ಅನ್ನುವ ಚಾರ್ಟ್ ಬರುತ್ತಿತ್ತು, ಆ ವರ್ಷ ಅದನ್ನು 8 ಗಂಟೆ ಮುಂಚೆ ಮಾಡಿದರು. ಮೈಸೂರಿನಲ್ಲೇ ಇರುವವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಮಗೆ ತುಂಬ ದೊಡ್ಡದು. ಮೊದಲಾದರೆ ಟಿಕೆಟ್ ಕನ್ಫರ್ಮ್ ಆಯಿತೋ ಇಲ್ಲವೋ ಅಂತ ಗೊತ್ತಾಗುವಾಗ ನಾವು ಹುಣಸೂರು ದಾಟಿರುತ್ತಿದ್ದೆವು. ಈಗ ಮನೆಯಲ್ಲಿ ಇರುವಾಗಲೇ ಗೊತ್ತಾಗುತ್ತೆ.

ಸ್ಲೀಪರ್ ಬೋಗಿಯಲ್ಲಿ ಹೊದಿಕೆ, ದಿಂಬು ಕೊಡುವುದಿಲ್ಲ. ಅದು ಎಸಿಯಲ್ಲಿ ಮಾತ್ರ. ಎಸಿಯಲ್ಲೇ ಹೋಗೋಣ ಅಂತ ಇವರು ಒಮ್ಮೆ ಹೇಳಿದರು. ಅವ್ವ ಒಪ್ಪಲಿಲ್ಲ. ಅವಳಿಗೆ ಕಿಟಕಿ ತೆಗೆದು ಗಾಳಿ ಕುಡಿಯಬೇಕು. ಹಾಗಾದರೆ ಹಾಸಿಗೆ ನಾನೇ ಹೊಲಿಯುತ್ತೇನೆ ಅಂದೆ. ನನ್ನ ಕೆಲಸವೇ ಅದಲ್ವಾ.

ಬರ್ತ್ ಸುಮಾರು ಆರು ಅಡಿ ಉದ್ದ, ಎರಡು ಅಡಿಯಷ್ಟೇ ಅಗಲ. ಮೇಲೆ ರೆಕ್ಸಿನ್. ಅದರ ಮೇಲೆ ಬರೀ ಬೆಡ್‌ಶೀಟ್ ಹಾಸಿದರೆ ಒಂದು ಸಲ ಮಗ್ಗುಲು ತಿರುಗುವಷ್ಟರಲ್ಲಿ ಮುದ್ದೆಯಾಗಿ ಕಾಲಡಿಗೆ ಬರುತ್ತೆ. ಅದಕ್ಕೆ ಚೀಲದ ಥರ ಹೊಲಿದೆ. ಕೆಳಗಿನ ಪದರಕ್ಕೆ ಹಳೆಯ ಟರ್ಕಿ ಟವೆಲ್ ಎರಡು ಜೋಡಿಸಿದೆ. ಅದು ಒರಟು, ರೆಕ್ಸಿನ್ ಮೇಲೆ ಜಾರುವುದಿಲ್ಲ. ಮೇಲಿನ ಪದರ ಅವ್ವನದೇ ಹಳೆಯ ಹತ್ತಿ ಸೀರೆ, ಎರಡು ಮಡಿಕೆ. ಒಗೆದು ಒಗೆದು ಬೆಣ್ಣೆಯ ಹಾಗಾಗಿದೆ. ತಲೆಯ ಕಡೆ ಒಂದು ಜೇಬು. ಅದರೊಳಗೆ ಸ್ವೆಟರ್ ಮಡಚಿ ತುರುಕಿದರೆ ದಿಂಬು ಆಯಿತು, ದಿಂಬು ಹೊರುವ ಕೆಲಸ ತಪ್ಪಿತು.

ಹೊಲಿದು ಜಗಲಿಯ ಬೆಂಚಿನ ಮೇಲೆ ಹಾಸಿ ಅವ್ವನನ್ನು ಮಲಗಿಸಿದೆ. ಒಳಗೆ ಹೋಗಿ ಕಣ್ಣು ಮುಚ್ಚಿದಳು. ಒಂದು ನಿಮಿಷಕ್ಕೆ ಎದ್ದು, "ಚೆನ್ನಾಗಿದೆ, ಆದರೆ ರಾತ್ರಿ ಅವಸರಕ್ಕೆ ಏಳಬೇಕಾದರೆ ಕಾಲು ಬಿಡಿಸಿಕೊಳ್ಳೋದು ಹೇಗೆ?" ಅಂದಳು. ಅದು ನನಗೆ ಹೊಳೆದೇ ಇರಲಿಲ್ಲ. ದಾರಿಯ ಕಡೆಗೆ ಬರುವ ಬದಿಯ ಹೊಲಿಗೆಯನ್ನು ಸೊಂಟದಿಂದ ಕೆಳಗೆ ಪೂರ್ತಿ ಬಿಚ್ಚಿದೆ. ಅಂಚು ಮಡಚಿ ಮತ್ತೆ ಹೊಲಿದು ಮೂರು ಲಾಡಿ ಇಟ್ಟೆ. ಕಟ್ಟಿಕೊಂಡರೆ ಬೆಚ್ಚಗಿರುತ್ತೆ, ಎಳೆದರೆ ಬಿಚ್ಚುತ್ತೆ. ಅವ್ವ ಕಣ್ಣು ಮುಚ್ಚಿಕೊಂಡೇ ಲಾಡಿ ಎಳೆದು ಎಳೆದು ಅಭ್ಯಾಸ ಮಾಡಿದಳು. ಕತ್ತಲಲ್ಲಿ ಕೈಗೆ ಸಿಗಬೇಕಲ್ಲ.

ಉಳಿದ ಸೀರೆಯ ತುಂಡಿನಲ್ಲಿ ಕೊರಳಿಗೆ ಹಾಕಿಕೊಳ್ಳುವ ಒಂದು ಚಿಕ್ಕ ಸಂಚಿ ಹೊಲಿದೆ. ಕನ್ನಡಕ, ಬಿಪಿ ಮಾತ್ರೆ, ಆಧಾರ್ ಕಾರ್ಡ್, ನನ್ನ ಫೋನ್ ನಂಬರ್ ಬರೆದ ಚೀಟಿ. ರಾತ್ರಿ ಇವಿಷ್ಟಕ್ಕೆ ಯಾರೂ ಬ್ಯಾಗ್ ತಡಕಾಡಬಾರದು.

ಬಸ್ಸಿನ ವಿಷಯಕ್ಕೆ ಬರೋಣ. ರೈಲು ಮೈಸೂರು ಬಿಡುವುದು ಸಂಜೆ 7ರ ಸುಮಾರಿಗೆ. ಮೂರು ಗಂಟೆಯ ದಾರಿ ಅಂದುಕೊಂಡರೂ ಮೂರಕ್ಕೆ ಹೊರಟರೆ ಸಾಕು ಅನ್ನುತ್ತಾರೆ ಎಲ್ಲರೂ. ನಾನು ಮಧ್ಯಾಹ್ನ 12ರ ಒಳಗೆ ಬಸ್ಸು ಹತ್ತಲೇಬೇಕು ಅಂತ ಪಟ್ಟು ಹಿಡಿದಿದ್ದೇನೆ. ಶುಕ್ರವಾರ ಮಕ್ಕಳ ದಿನಾಚರಣೆ. ಮಗಳ ಶಾಲೆಯ ಕಾರ್ಯಕ್ರಮ ಹನ್ನೊಂದಕ್ಕೆ ಮುಗಿಯುತ್ತೆ. ಅವಳು ನೇರ ಬಸ್ ಸ್ಟ್ಯಾಂಡಿಗೆ ಬರುತ್ತಾಳೆ. ತಿತಿಮತಿಯಿಂದ ಆಚೆ ನಾಗರಹೊಳೆಯ ಕಾಡು. ಮರ ಬೀಳಬಹುದು, ಆನೆ ದಾಟಬಹುದು, ಬಸ್ಸಿನ ಟೈರೇ ಹೋಗಬಹುದು. ಮೈಸೂರಿನಲ್ಲಿ ಮೂರು ಗಂಟೆ ಸುಮ್ನೆ ಕೂರುವುದಾದರೆ ಕೂರೋಣ. ಬಸ್ ಸ್ಟ್ಯಾಂಡಿನಿಂದ ಸ್ಟೇಷನ್ ಹತ್ತಿರವೇ, ಆಟೋದಲ್ಲಿ ಹತ್ತು ನಿಮಿಷ ಸಾಕು. ರೈಲು ಹೊರಡುವುದೇ ಮೈಸೂರಿನಿಂದ. ಹಾಗಾಗಿ ದಾರಿಯ ಸ್ಟೇಷನ್ನಿನಲ್ಲಿ ಎರಡು ನಿಮಿಷ ನಿಲ್ಲುವಾಗ ಬ್ಯಾಗ್ ಎಸೆದು ಹತ್ತುವ ಗಡಿಬಿಡಿ ಇಲ್ಲ. ಅವ್ವನಿಗೆ ನಿಧಾನವಾಗಿ ಕಂಬಿ ಹಿಡಿದು ಹತ್ತೋಕೆ ಸಮಯ ಸಿಗುತ್ತೆ. ಮೈಸೂರೇ ಬೇಕು ಅಂತ ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಬುತ್ತಿಗೆ ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ ಅಂದರೆ ಎಳ್ಳಿನ ಚಟ್ನಿ. ಇವರಿಗೆ ಹಂದಿ ಮಾಂಸದ ಪಂದಿ ಕರಿಯೂ ಇರಬೇಕಿತ್ತು. ಎಂಟು ಜನ ಹತ್ತಿರ ಹತ್ತಿರ ಕೂರುವ ಜಾಗ. ಎಲ್ಲರಿಗೂ ಆ ವಾಸನೆ ಹಿಡಿಸಬೇಕಲ್ಲ, ಅದು ಸೋಮವಾರಕ್ಕೆ ಇರಲಿ ಅಂದೆ. ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಹಾಲಿಲ್ಲದ್ದರಿಂದ ಕೆಡುವುದಿಲ್ಲ, ಬೆಳಗ್ಗೆ ಬಳ್ಳಾರಿಯಲ್ಲಿ ಕುಡಿದರೂ ರುಚಿ ಹಾಗೇ ಇರುತ್ತೆ.

ರಾತ್ರಿಯ ಹೊತ್ತನ್ನೂ ಲೆಕ್ಕ ಹಾಕಿದ್ದೇನೆ. ಅವ್ವ ಮನೆಯಲ್ಲಿ ಎಂಟೂವರೆಗೆ ಮಲಗುವವಳು. ರೈಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಲಗುವ ಹೊತ್ತು. ಅದಕ್ಕೆ ಮುಂಚೆ ನಡುವಿನ ಮತ್ತು ಮೇಲಿನ ಬರ್ತಿನವರು ನಮ್ಮ ಕೆಳಗಿನ ಬರ್ತಿನಲ್ಲೇ ಕೂರುತ್ತಾರೆ. ಅದು ಅವರ ಹಕ್ಕು. ರೈಲು ಬೆಂಗಳೂರು ಮುಟ್ಟುವುದೇ ಹತ್ತರ ಸುಮಾರಿಗೆ. ಅಲ್ಲಿ ಜನ ಜಾಸ್ತಿ ಹತ್ತುತ್ತಾರೆ, ಲೈಟು, ಸೂಟ್‌ಕೇಸ್, ಗಲಾಟೆ. ಹಾಗಾಗಿ ಮಂಡ್ಯ ದಾಟುವಷ್ಟರಲ್ಲಿ ಊಟ, ಮಾತ್ರೆ ಮುಗಿಸಬೇಕು. ಬೆಂಗಳೂರಿನವರೆಗೆ ಅವ್ವ ಕಿಟಕಿಗೆ ಒರಗಿ ಕೂತಿರಲಿ. ಜನ ಹತ್ತಿ ಅವರವರ ಜಾಗ ಸೇರಿದ ಮೇಲೆ ಚೀಲ ಹಾಸುವುದು. ಎಂಟೂವರೆಗೇ ಕಣ್ಣು ಎಳೆದರೆ, ನನ್ನ ಬರ್ತಿನಲ್ಲಿ ಬೇರೆಯವರು ಕೂರಲಿ, ಅವ್ವ ಅವಳದರಲ್ಲಿ ಮಲಗಲಿ ಅಂತ ಪಕ್ಕದವರನ್ನು ಕೇಳಿಕೊಳ್ಳುತ್ತೇನೆ. ನಯವಾಗಿ ಕೇಳಿದರೆ ಯಾರೂ ಇಲ್ಲ ಅನ್ನಲಿಕ್ಕಿಲ್ಲ.

ಆಮೇಲಿನ ದಾರಿಯ ಬಗ್ಗೆ ಮಗಳಿಗೆ ಭಾರಿ ಉತ್ಸಾಹ. ನಾವು ನಿದ್ದೆಯಲ್ಲಿರುವಾಗ ರೈಲು ಕರ್ನಾಟಕ ಬಿಟ್ಟು ಆಂಧ್ರಕ್ಕೆ ಹೋಗುತ್ತೆ. ಹಿಂದೂಪುರ, ಧರ್ಮಾವರಂ, ಗುಂತಕಲ್. ಮತ್ತೆ ಬಳ್ಳಾರಿಗೆ ಬರುವಾಗ ಕರ್ನಾಟಕ. ಗುಂತಕಲ್ಲಿನಲ್ಲಿ ತೆಲುಗು ಬೋರ್ಡ್ ನೋಡಬೇಕು, ಎಬ್ಬಿಸಿ ಅಂತ ಅಪ್ಪನಿಗೆ ಹೇಳಿಟ್ಟಿದ್ದಾಳೆ. ಹೊಸಪೇಟೆ ಬರುವುದು ಬೆಳಗ್ಗೆ 7ರ ಆಸುಪಾಸು. ಆರಕ್ಕೆ ಅಲಾರಾಂ ಇಡುತ್ತೇವೆ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಇಳಿಯುವ ಸ್ಟೇಷನ್ ಬರುವ ಮುಂಚೆ ಎಬ್ಬಿಸುವ ವ್ಯವಸ್ಥೆಯನ್ನೂ ಮಾಡಿಕೊಳ್ಳಬಹುದು. ಅದನ್ನೂ ಮಾಡುತ್ತೇವೆ.

ಹಂಪಿಯಲ್ಲಿ ಏನೇನು ಅಂತ ಉದ್ದ ಪಟ್ಟಿ ಮಾಡಿಲ್ಲ. ರೂಮು ಹೊಸಪೇಟೆಯಲ್ಲಿ. ವಾಪಸ್ ರೈಲು ರಾತ್ರಿ 9ರ ಆಸುಪಾಸು ಅಲ್ಲಿಂದಲೇ ಅಲ್ವಾ. ಹಂಪಿ ಅಲ್ಲಿಗೆ 13 ಕಿಲೋಮೀಟರ್. ಶನಿವಾರ ವಿರೂಪಾಕ್ಷ ದೇವಸ್ಥಾನ, ಹತ್ತಿರದ ಹೊಳೆ. ಗಂಗಾ ಸ್ನಾನ ತುಂಗಾ ಪಾನ ಅಂತಾರಲ್ಲ, ಅವ್ವನಿಗೆ ಆ ನೀರು ಮುಟ್ಟಬೇಕು. ಭಾನುವಾರ ಬೆಳಗ್ಗೆ ಬಿಸಿಲೇರುವ ಮುಂಚೆ ವಿಜಯ ವಿಠ್ಠಲ ದೇವಸ್ಥಾನ. ಗಾಡಿ ನಿಲ್ಲಿಸುವ ಜಾಗದಿಂದ ಸುಮಾರು ಒಂದು ಕಿಲೋಮೀಟರ್ ಇದೆ, ಬ್ಯಾಟರಿ ಗಾಡಿಗಳು ಓಡುತ್ತವೆ. ಕಲ್ಲಿನ ರಥ ಅಲ್ಲೇ ಇರುವುದು. ನಿಜವಾಗಿ ಅದು ತೇರಿನ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಇದನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ಮತಂಗ ಬೆಟ್ಟ ಹತ್ತುವುದಿಲ್ಲ. ಮಗಳು, ಅವಳಪ್ಪ ಬೇಕಾದರೆ ಹತ್ತಲಿ. ನಾವಿಬ್ಬರೂ ಕೆಳಗೆ ನೆರಳಲ್ಲಿ ಕೂರುತ್ತೇವೆ.

ಇವತ್ತು ಬುಧವಾರ. ಮಲಗುವ ಚೀಲ ಒಗೆದು ಒಣಗಿದೆ. ಕೋಳಿ, ನಾಯಿ ನೋಡಿಕೊಳ್ಳೋಕೆ ಪಕ್ಕದ ಮನೆಯವರಿಗೆ ಹೇಳಿ ಆಗಿದೆ. ಅಂಗಡಿ ಬಾಗಿಲಿಗೆ ಮೂರು ದಿನ ರಜೆ ಅಂತ ಚೀಟಿ ಬರೆದಿಟ್ಟಿದ್ದೇನೆ. ಬೆಳಗ್ಗೆ ಅವ್ವನ ಸಂಚಿ ತೆಗೆದು ನೋಡಿದೆ, ಮಾತ್ರೆ ಸರಿಯಾಗಿದೆಯಾ ಅಂತ. ಮಾತ್ರೆಯ ಜೊತೆ ಒಂದು 50 ರೂಪಾಯಿ ನೋಟು, ಮಡಿಕೆ ಬೀಳದ ಹಾಗೆ ಹಾಳೆಯೊಳಗೆ ಇಟ್ಟಿದ್ದಳು. ಅದರ ಪಕ್ಕದಲ್ಲೇ ಒಂದು ಕಾಫಿ ಬೀಜ.